ಫಾಲೋವರ್ಸ್ ಗ್ಯಾರಂಟಿ ಅಂತ ಅಂಗಡಿಗೆ ಬರುವವರ ಬಗ್ಗೆ ಹುಷಾರು

ತುಮಕೂರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವವರು, ಅವರ ಮನೆಯ ಮಕ್ಕಳು ಇದನ್ನು ದಯವಿಟ್ಟು ಪೂರ್ತಿ ಓದಿ.

ಮಂಡಿಪೇಟೆಯಲ್ಲಿ ನಮ್ಮ ಸೋದರಮಾವನ ಪಾತ್ರೆ ಅಂಗಡಿ ಇದೆ. ತಾಮ್ರದ ಬಿಂದಿಗೆ, ಹಿತ್ತಾಳೆ ದೀಪ, ಮದುವೆಗೆ ಕೊಡುವ ಸ್ಟೀಲ್ ಸಾಮಾನು, ಹೋಟೆಲಿನವರಿಗೆ ಬೇಕಾದ ತಟ್ಟೆ ಇಡ್ಲಿ ಸ್ಟ್ಯಾಂಡ್ ಎಲ್ಲ ಸಿಗುತ್ತದೆ. "ನಮ್ಮ ಗಿರಾಕಿ ಒಬ್ಬರು ಹೇಳಿ ಇನ್ನೊಬ್ಬರು ಬರ್ತಾರೆ ಕಣೋ. ಮೊಬೈಲ್ ನೋಡಿ ಯಾರು ಬಿಂದಿಗೆ ತಗೋತಾರೆ?" ಅನ್ನುತ್ತಿದ್ದರು ಮಾವ. ಅಂಗಡಿಯನ್ನು ಫೇಸ್‌ಬುಕ್‌ನಂಥ ಕಡೆ ಹಾಕೋಣ ಅಂತ ನಾನೇ ಒಂದು ವರ್ಷ ಬೆನ್ನು ಹತ್ತಿ ಒಪ್ಪಿಸಿದೆ. ನನ್ನ ಆ ಮಾತು ಸರಿ ಅಂತಲೇ ಈಗಲೂ ನಂಬಿದ್ದೇನೆ. ಮದುವೆ ಗೊತ್ತಾದ ಮನೆಯವರು ಮೊದಲು ಫೋನಿನಲ್ಲೇ ಹುಡುಕುತ್ತಾರೆ, ಅಲ್ವಾ? ನಾವು ಎಡವಿದ್ದು ಕೆಲಸವನ್ನು ಯಾರ ಕೈಗೆ ಕೊಟ್ಟೆವು ಅನ್ನುವುದರಲ್ಲಿ.

ಮೊಬೈಲಿನಲ್ಲಿ ಅಂಗಡಿಗಳ ಪ್ರಚಾರ ಮಾಡಿಕೊಡುವ ಒಂದು ಏಜೆನ್ಸಿಯ ಹುಡುಗ ಅಂಗಡಿಗೇ ಬಂದ. ತಿಂಗಳಿಗೆ 12,000 ರೂಪಾಯಿ, ಆರು ತಿಂಗಳದ್ದು ಮುಂಗಡ. "10,000 ಫಾಲೋವರ್ಸ್ ಗ್ಯಾರಂಟಿ ಸರ್" ಅಂದ. ಮಾವ ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಮಾರನೇ ದಿನವೇ 72,000 ಕಳಿಸಿದರು.

ಫಾಲೋವರ್ಸ್ ಎರಡೇ ತಿಂಗಳಲ್ಲಿ ಬಂದರು. ಬಣ್ಣದ ಗ್ರಾಫ್ ಇರುವ ರಿಪೋರ್ಟ್ ತಿಂಗಳಿಗೊಮ್ಮೆ ವಾಟ್ಸಾಪಿಗೆ ಬರುತ್ತಿತ್ತು. ಮಾವ ಮಾತ್ರ ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟರು. ಹೊಸ ಗಿರಾಕಿ ಬಂದರೆ "ಯಾರು ಹೇಳಿ ಬಂದ್ರಿ?" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ನಾಲ್ಕು ತಿಂಗಳಲ್ಲಿ 'ಫೇಸ್‌ಬುಕ್' ಅಂತ ಬರೆದಿದ್ದು ಒಂದೇ ಸಲ. ಅವರೂ ಹಿಂದಿನ ಬೀದಿಯವರು.

ಒಂದು ಭಾನುವಾರ ಕೂತು ಫಾಲೋವರ್ಸ್ ಪಟ್ಟಿಯನ್ನು ಒಂದೊಂದಾಗಿ ತೆರೆದು ನೋಡಿದೆ. ಫೋಟೊ ಇಲ್ಲ, ಹೆಸರಿನ ಕೊನೆಗೆ ಉದ್ದುದ್ದ ಅಂಕಿ, ಒಂದೂ ಪೋಸ್ಟ್ ಹಾಕದ ಖಾತೆಗಳು. ಗುಬ್ಬಿ, ಶಿರಾ, ಕುಣಿಗಲ್ ಕಡೆಯವರು ಹುಡುಕಿದರೂ ಸಿಗಲಿಲ್ಲ. ತಟ್ಟೆ ಇಡ್ಲಿ ಸ್ಟ್ಯಾಂಡಿನ ಫೋಟೊ ಕೆಳಗೆ ನಲವತ್ತು ಕಾಮೆಂಟ್. ಎಲ್ಲವೂ 'ನೈಸ್', 'ಸೂಪರ್'. ಎಷ್ಟು ತಟ್ಟೆಯದು, ರೇಟ್ ಎಷ್ಟು ಅಂತ ಒಬ್ಬರೂ ಕೇಳಿಲ್ಲ. ನಿಜವಾಗಿ ಬೇಕಾದವರು ಮೊದಲು ಕೇಳುವುದೇ ಅದನ್ನು.

ಜಾಹೀರಾತಿಗೆ ಎಷ್ಟು ಖರ್ಚಾಯಿತು, ಬಿಲ್ ಕೊಡಿ ಅಂದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದುಡ್ಡು ಕಟ್ಟಿದರೆ ರಸೀದಿ ಬಂದೇ ಬರುತ್ತದೆ. ಯಾವ ಊರಿನವರಿಗೆ, ಸುತ್ತ ಎಷ್ಟು ಕಿಲೋಮೀಟರ್ ಒಳಗಿನವರಿಗೆ ಕಾಣಬೇಕು ಅಂತಲೂ ಆರಿಸಬಹುದು. ಅವರು ಕಳಿಸಿದ್ದು ಒಂದೇ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಊರಿನ ಜಾಗದಲ್ಲಿ 'ಇಂಡಿಯಾ' ಅಂತ ಇತ್ತು. ಮಂಡಿಪೇಟೆ ಅಂಗಡಿಯ ಜಾಹೀರಾತನ್ನು ಇಡೀ ದೇಶಕ್ಕೆ ಬಿಟ್ಟಿದ್ದರು. ರಸೀದಿ ಇವತ್ತಿಗೂ ಬಂದಿಲ್ಲ.

ಸಾಕು, ಪೇಜ್ ನಮಗೆ ಬಿಟ್ಟುಕೊಡಿ ಅಂದಾಗ ಇನ್ನೊಂದು ಪೆಟ್ಟು ಬಿತ್ತು. ಪೇಜ್ ಮಾಡಿದ್ದೇ ಅವರ ಅಕೌಂಟಿನಿಂದ. ಪೂರ್ತಿ ಹಿಡಿತ ಅವರದ್ದು. ಮಾವನಿಗೆ ಕೊಟ್ಟಿದ್ದು ಪೋಸ್ಟ್ ಹಾಕುವಷ್ಟು ಅವಕಾಶ, ಅದನ್ನೂ ಅವತ್ತೇ ಕಿತ್ತುಕೊಂಡರು. ಗೂಗಲ್ ಮ್ಯಾಪಿನಲ್ಲೂ ಅಂಗಡಿಯ ಮಾಲೀಕರು ಅಂತ ಅವರೇ ಇದ್ದರು. ಅದನ್ನು ಮಾತ್ರ ಗೂಗಲ್‌ಗೆ ಮನವಿ ಕಳಿಸಿ, ಅಂಗಡಿಯ ಬೋರ್ಡು, ಒಳಗಿನ ಸಾಮಾನು ಎಲ್ಲ ವಿಡಿಯೊ ಮಾಡಿ ತೋರಿಸಿ ವಾಪಸ್ ಪಡೆದೆವು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದೇ ಉಚಿತ ಅಂತ ನಮಗೆ ಮೊದಲು ಗೊತ್ತಿರಲಿಲ್ಲ.

ಹಾಗಾಗಿ ಪೇಜನ್ನು ನಿಮ್ಮ ಫೋನಿನಿಂದ, ನಿಮ್ಮ ಅಕೌಂಟಿನಲ್ಲೇ ಮಾಡಿ. ಬೇರೆಯವರಿಗೆ ಕೆಲಸಕ್ಕೆ ಬೇಕಾದಷ್ಟೇ ಅವಕಾಶ ಕೊಡಿ. ಜಾಹೀರಾತಿನ ದುಡ್ಡು ನಿಮ್ಮ ಕಾರ್ಡಿನಿಂದಲೇ ನೇರವಾಗಿ ಹೋಗಲಿ, ಅವರ ಕೂಲಿ ಬೇರೆ ಕೊಡಿ. ಆರು ತಿಂಗಳ ಮುಂಗಡ ಕೇಳಿದರೆ ಬೇಡ ಅನ್ನಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯವರ 'ಆ್ಯಡ್ ಲೈಬ್ರರಿ' ಯಾರು ಬೇಕಾದರೂ ತೆರೆಯಬಹುದು. ಪೇಜಿನ ಹೆಸರು ಹಾಕಿದರೆ ಈಗ ಅದರ ಜಾಹೀರಾತು ಓಡುತ್ತಿದೆಯೋ ಇಲ್ಲವೋ ಕಾಣುತ್ತದೆ. ನಾನು ಮೊದಲ ತಿಂಗಳೇ ಅದನ್ನು ನೋಡಬೇಕಿತ್ತು.

ದುಡ್ಡಿಗಿಂತ ನನಗೆ ಜಾಸ್ತಿ ನೋವಾಗಿದ್ದು ಬೇರೆ. ಅಂಗಡಿಯನ್ನು ಮೊಬೈಲಿನಲ್ಲಿ ಹಾಕಿ ಅಂತ ನಮ್ಮ ಸಾಲಿನಲ್ಲಿ ಯಾರಿಗೆ ಹೇಳಿದರೂ ಈಗ ನಮ್ಮ ಮಾವನ ಹೆಸರು ಹೇಳಿ ಬೇಡ ಅನ್ನುತ್ತಾರೆ.

ಹೋದ ವಾರ ಅದೇ ಹುಡುಗ ಪಕ್ಕದ ಬಟ್ಟೆ ಅಂಗಡಿಗೆ ಹೋಗಿದ್ದನಂತೆ. ಅವರು ಬಂದು ಮಾವನನ್ನು ವಿಚಾರಿಸಿದರು. ಮಾವ ಏನೂ ಹೇಳಲಿಲ್ಲ. ನೋಟ್‌ಬುಕ್ ತೆಗೆದು ಮುಂದೆ ಇಟ್ಟರು.