ಹಾಳಾದ ಹಳೆಯ ಉಸ್ತರಾಕ್ಕೆ 1000/6000 ಸಾಣೆಕಲ್ಲು: ಎರಡು ಮಳೆಗಾಲಗಳ ಬಳಕೆಯ ನಂತರ

ಒಂದು ಮುಖ 1000 ಗ್ರಿಟ್, ಇನ್ನೊಂದು ಮುಖ 6000 ಗ್ರಿಟ್ (ಕಣಗಳ ನಯದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು) ಇರುವ ಜಪಾನಿ ಮಾದರಿಯ ನೀರಿನ ಸಾಣೆಕಲ್ಲನ್ನು ಸಾಮಾನ್ಯವಾಗಿ ಅಡುಗೆಮನೆಯ ಚಾಕುಗಳಿಗೆಂದು ಮಾರುತ್ತಾರೆ. ನಾನು ಅದನ್ನು ಕೊಂಡದ್ದು ಕಲಬುರಗಿಯ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕ, ಸೋಲಿಂಗನ್ ಎಂಬ ಮುದ್ರೆಯನ್ನು ಕಷ್ಟಪಟ್ಟು ಓದಬಹುದಾಗಿದ್ದ ಜರ್ಮನಿಯ ಹಳೆಯ ಉಸ್ತರಾವೊಂದನ್ನು, ಅಂದರೆ ಮಡಚುವ ಕ್ಷೌರದ ಕತ್ತಿಯೊಂದನ್ನು, ಮತ್ತೆ ಬಳಕೆಗೆ ತರುವುದಕ್ಕಾಗಿ. ಅದಕ್ಕೂ ಮೊದಲು ನಾನು ಮನೆಯ ಈಳಿಗೆಯನ್ನೂ ಮಸೆದವನಲ್ಲ. ಎರಡು ಮಳೆಗಾಲ ದಾಟಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಕಲ್ಲು ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಅದೊಂದರಿಂದಲೇ ಮುಖಕ್ಕೆ ಹಿಡಿಯಬಹುದಾದ ಅಂಚು ಬರುವುದಿಲ್ಲ, ಮೇಲಾಗಿ, ಉಸ್ತರಾ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಕಲ್ಲು ನೀರಿಗೆ ಬೀಳುವ ಮೊದಲೇ ತುಕ್ಕು ನಿರ್ಧರಿಸಿರುತ್ತದೆ.

ಉಸ್ತರಾದ ಸ್ಥಿತಿಯನ್ನು ಹೇಳದೆ ಕಲ್ಲಿನ ಗುಣ ಹೇಳಲಾಗದು. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟಿತ್ತು. ಸೆಲ್ಯುಲಾಯ್ಡ್ ಹಳೆಯದಾದಂತೆ ಕೊಳೆತು ಆಮ್ಲೀಯ ಆವಿಯನ್ನು ಬಿಡುತ್ತದೆ, ಮಡಚಿಟ್ಟ ಅಲಗು ಅದೇ ಆವಿಯಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಹಾಗಾಗಿಯೇ ಹಿಡಿಯ ಒಳಗೆ ಉಳಿದಿದ್ದ ಭಾಗದಲ್ಲಿ ಸಾಸಿವೆ ಕಾಳಿನಷ್ಟಗಲದ ಕಪ್ಪು ಕುಳಿಗಳಿದ್ದವು. ಹೊರಗೆ ಉಳಿದ ಬಾಲದ ಮೇಲೆ ಉಜ್ಜಿದರೆ ಹೋಗುವ ಕೆಂಪು ತುಕ್ಕು ಮಾತ್ರ ಇತ್ತು. ಅಂಚಿನಲ್ಲಿ ಎರಡು ಕಡೆ ಚಕ್ಕೆ ಹಾರಿತ್ತು. ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ: ಕುಳಿ ಅಲಗಿನ ಮೈಮೇಲೆ ಇದ್ದರೆ ಅದು ಬರಿಯ ಕಲೆ, ಅಂಚಿನೊಳಗೆ ಇದ್ದರೆ ಅಲ್ಲಿಯ ಉಕ್ಕು ಮಸೆದಷ್ಟೂ ಪುಡಿಯಾಗಿ ಉದುರುತ್ತದೆ.

ತುಕ್ಕು ತೆಗೆಯುವುದು ಕಲ್ಲಿನ ಕೆಲಸವಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, 220ರಿಂದ ಆರಂಭಿಸಿ 2000ದವರೆಗೆ ನೀರಿನ ಮರಳುಕಾಗದವನ್ನು ಕೈಯಿಂದಲೇ ಎಳೆದೆ. ಸಾಣೆಚಕ್ರಕ್ಕೆ ಕೊಟ್ಟರೆ ಐದು ನಿಮಿಷದಲ್ಲಿ ಹೊಳೆಯುತ್ತದೆ ಎಂದು ಹೇಳಿದವರಿದ್ದರು. ಆದರೆ ಇಂಥ ಅಲಗು ಎರಡೂ ಬದಿ ಒಳಬಾಗಿಸಿ ತೆಳುವಾಗಿ ಅರೆದ ಉಕ್ಕು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಗಡಸುತನ ಇಳಿಯತೊಡಗುತ್ತದೆ, ನೀಲಿ ಬಣ್ಣ ಕಾಣಿಸಿಕೊಳ್ಳುವ ಹೊತ್ತಿಗೆ ಅಂಚು ಕೆಲಸಕ್ಕೆ ಬಾರದಂತಾಗಿರುತ್ತದೆ. ಕೆಲವು ಕುಳಿಗಳನ್ನು ನಾನು ಹಾಗೆಯೇ ಬಿಟ್ಟೆ. ಕನ್ನಡಿಯಂತೆ ಹೊಳೆಸುವ ಹಟಕ್ಕೆ ಬಿದ್ದು ಮುದ್ರೆಯನ್ನೂ ಉಕ್ಕನ್ನೂ ಕಳೆದುಕೊಂಡ ಉಸ್ತರಾಗಳ ಚಿತ್ರಗಳನ್ನು ಕಂಡಾಗ, ಆ ಕಲೆಗಳೇ ಲೇಸು ಎನಿಸುತ್ತದೆ.

ಕಲ್ಲಿನ ಬಗ್ಗೆ ಮುಖ್ಯವಾದ ಮಾತು 1000ದ ಮುಖದ ಕುರಿತು. ಚಕ್ಕೆ ಹಾರಿದ ಅಂಚನ್ನು ಮೊದಲು ಲಂಬವಾಗಿ ನಿಲ್ಲಿಸಿ ತೇಯ್ದು ನೇರ ಮಾಡಬೇಕಾಗುತ್ತದೆ. ಅದನ್ನು ಈ ಮೆತ್ತನೆಯ ಕಲ್ಲಿನ ಮೇಲೆ ಮಾಡಿದರೆ ಕಲ್ಲಿಗೇ ಗೀರು ಬೀಳುವುದರಿಂದ ಮರಳುಕಾಗದದ ಮೇಲೆ ಮಾಡುವುದು ಉತ್ತಮ. ಅನಂತರ ಹತ್ತು ನಿಮಿಷ ನೀರಿನಲ್ಲಿ ನೆನೆದ 1000ದ ಮುಖ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಉಸ್ತರಾ ಮಸೆಯುವಾಗ ಕೋನವನ್ನು ಕೈ ಹಿಡಿಯಬೇಕಾಗಿಲ್ಲ. ಅಲಗಿನ ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗಿದರೆ ಕೋನ ತಾನಾಗಿ ಬರುತ್ತದೆ. ಆರಂಭಿಕನಿಗೆ ಇದು ಚಾಕುವಿಗಿಂತ ಸುಲಭ, ಕಲ್ಲು ಸಮತಟ್ಟಾಗಿದ್ದರೆ. ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ಒಂದು ಸಲ ಎಳೆದರೆ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ನನ್ನ ಉಸ್ತರಾದಲ್ಲಿ ತುದಿಯ ಬಳಿಯ ಮಸಿ ಬಹಳ ಕಾಲ ಅಳಿಯಲೇ ಇಲ್ಲ. ಅದು ಅಳಿಯುವ ತನಕ 6000ದ ಮುಖಕ್ಕೆ ತಿರುಗಿಸುವುದು ವ್ಯರ್ಥ ಶ್ರಮ.

ಈ ಕಲ್ಲಿನ ದೊಡ್ಡ ದೋಷವೆಂದರೆ ಬೇಗ ನಡುವೆ ಗುಳಿ ಬೀಳುವುದು. ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗೆರೆಗಳೆಲ್ಲ ಅಳಿಯುವವರೆಗೆ ಒದ್ದೆ ಮರಳುಕಾಗದದ ಮೇಲೆ ಉಜ್ಜಿ ಸಮ ಮಾಡುವುದು ಅನಿವಾರ್ಯ. ಕಾಗದದ ಅಡಿಗೆ ದಪ್ಪ ಗಾಜು ಬೇಕೆನ್ನುತ್ತಾರೆ. ನಮ್ಮ ಜಿಲ್ಲೆಯವರಿಗೆ ಆ ಖರ್ಚು ಬೇಡ, ಪಾಲಿಶ್ ಮಾಡಿದ ಶಹಾಬಾದ್ ಫರಸಿಯ ತುಂಡೊಂದು ಸಾಕು. ಆದರೆ ಉಕ್ಕಿನ ಸ್ಕೇಲನ್ನು ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ನಿಲ್ಲಿಸಿ, ಕೆಳಗಿನಿಂದ ಬೆಳಕು ಇಣುಕದ ತುಂಡನ್ನೇ ಆರಿಸಬೇಕು. ನೆಲಕ್ಕೆ ಹಾಸಲು ಸಮ ಎನಿಸಿದ್ದೆಲ್ಲ ಸಾಣೆಗೆ ಸಮವಲ್ಲ.

6000ದ ಮುಖಕ್ಕೆ ನೆನೆಸುವ ಅಗತ್ಯವಿಲ್ಲ, ನೀರು ಚಿಮುಕಿಸಿದರೆ ಸಾಕು. ಅದರಿಂದ ಬಂದ ಅಂಚು ಮುಂಗೈ ಕೂದಲನ್ನು ಸಲೀಸಾಗಿ ತೆಗೆಯಿತು, ಗದ್ದದ ಮೇಲೆ ಮಾತ್ರ ಎಳೆದೆಳೆದು ಉರಿ ಎಬ್ಬಿಸಿತು. 6000ದ ಕಣಗಳು ಸುಮಾರು 2 ಮೈಕ್ರಾನ್ ಗಾತ್ರದವು. ಅವು ಬಿಟ್ಟ ಗೀರು ಕೂದಲಿಗೆ ಗೊತ್ತಾಗದಿದ್ದರೂ ಚರ್ಮಕ್ಕೆ ಗೊತ್ತಾಗುತ್ತದೆ. 0.5 ಮೈಕ್ರಾನಿನ ಹಸಿರು ಕ್ರೋಮಿಯಂ ಆಕ್ಸೈಡ್ ಹಚ್ಚಿದ ಬಟ್ಟೆಯ ಪಟ್ಟಿ, ಆಮೇಲೆ ಏನೂ ಹಚ್ಚದ ಚರ್ಮದ ಪಟ್ಟಿ, ಈ ಎರಡು ಸೇರಿದ ಮೇಲೆಯೇ ಕ್ಷೌರ ಹಿತವಾಯಿತು. ಪಟ್ಟಿಯ ಮೇಲೆ ಬೆನ್ನು ಮುಂದಾಗಿರಬೇಕು, ಕಲ್ಲಿನ ಮೇಲೆ ಅಂಚು ಮುಂದಾಗಿರಬೇಕು; ತಿರುಗಿಸುವಾಗ ಯಾವಾಗಲೂ ಬೆನ್ನಿನ ಮೇಲೆಯೇ ಹೊರಳಿಸಬೇಕು.

ಹಳೆಯ ಹಿಡಿಯನ್ನು ತೆಗೆದುಹಾಕಿ ಬೀಟೆಮರದ ಹಿಡಿಗೆ ಹಿತ್ತಾಳೆ ಮೊಳೆ ಬಡಿಸಿದ್ದೇನೆ. ಸೆಲ್ಯುಲಾಯ್ಡ್ ಥಟ್ಟನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅದನ್ನು ಬಿಸಿಯಾದ ಡ್ರಿಲ್ಲಿನ ಹತ್ತಿರ ತರಬಾರದು. ಕಲಬುರಗಿಯ ಬೇಸಿಗೆಯಲ್ಲಿ ಉಸ್ತರಾಕ್ಕೆ ವಿಶೇಷ ಆರೈಕೆ ಬೇಕಾಗಲಿಲ್ಲ; ಮಳೆಗಾಲದಲ್ಲಿ ಒರೆಸಿ ಕೊಬ್ಬರಿ ಎಣ್ಣೆ ಸವರದಿದ್ದರೆ ಮರುದಿನವೇ ಕಂದು ಚುಕ್ಕೆ ಏಳುತ್ತದೆ. ಕಲ್ಲನ್ನು ಮಾತ್ರ ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಬಾರದು, ನೆರಳಿನಲ್ಲಿ ನಿಧಾನವಾಗಿ ಆರಬೇಕು.

ಒಂದೇ ಉಸ್ತರಾ, ಅದೂ ಅಂಚಿನಲ್ಲಿ ಕುಳಿಯಿಲ್ಲದ್ದು ಇರುವವರಿಗೆ ಈ ಕಲ್ಲನ್ನು ಧೈರ್ಯವಾಗಿ ಹೇಳುತ್ತೇನೆ. ಹಲವು ಉಸ್ತರಾಗಳನ್ನು ಸರಿಪಡಿಸುವ ಉದ್ದೇಶವಿದ್ದರೆ ಇನ್ನಷ್ಟು ಗಟ್ಟಿಯಾದ 1000ದ ಕಲ್ಲನ್ನೂ 8000ಕ್ಕಿಂತ ಮೇಲಿನ ಮತ್ತೊಂದು ಕಲ್ಲನ್ನೂ ಬೇರೆಬೇರೆಯಾಗಿ ಕೊಳ್ಳುವುದು ಒಳಿತು, ಏಕೆಂದರೆ ಜೋಡಿಕಲ್ಲಿನಲ್ಲಿ 1000ದ ಮುಖ ಸವೆದು ಮುಗಿಯುವ ಹೊತ್ತಿಗೆ 6000ದ ಮುಖ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ.