64 ಕೋರ್ ಕೊಳ್ಳುವ ಮೊದಲು ಮೆಮೊರಿ ಚಾನೆಲ್‌ಗಳನ್ನು ಎಣಿಸಿ

ಕಳೆದ ತಿಂಗಳು ಪುಣೆಯ ಕನ್ನಡ ಸಂಘದಲ್ಲಿ ಕಾರ್ಯಕ್ರಮವೊಂದು ಮುಗಿದ ಮೇಲೆ, ಬೆಳಗಾವಿಯಿಂದ ಬಂದು ಇಲ್ಲಿ ಹೊಸದಾಗಿ ಕಚೇರಿ ತೆರೆದಿರುವ ತರುಣ ಎಂಜಿನಿಯರ್ ಒಬ್ಬರು ಮೊಬೈಲ್‌ನಲ್ಲಿದ್ದ ಒಂದು ಕೊಟೇಶನ್ ತೋರಿಸಿ, ‘ಸರ್, ಇದು ಬರೋಬ್ಬರಿ ಐತೇನ್ರಿ?’ ಎಂದು ಕೇಳಿದರು. ಪ್ರೊಸೆಸರ್‌ನ ಹೆಸರು ಮತ್ತು ಅದರೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆ ದಪ್ಪ ಅಕ್ಷರಗಳಲ್ಲಿದ್ದವು. ಮೆಮೊರಿಯ ಸಾಲಿನಲ್ಲಿ ‘128 ಜಿಬಿ’ ಎಂದಷ್ಟೇ ಇತ್ತು. 2024ರ ಬೇಸಗೆಯಲ್ಲಿ ನಾನು ಸಹಿ ಹಾಕಿದ ಕಾಗದವೂ ಹೀಗೆಯೇ ಇತ್ತು. ಆ ಸಹಿಯಿಂದ ನಮಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪುಣೆ ಬಳಿಯ ಭೋಸರಿಯಲ್ಲಿ ನಾವು ಮೂವರು ಸೇರಿ ನಡೆಸುವ ಸಣ್ಣ ಕಚೇರಿಯಿದೆ. ವಾಹನಗಳ ಬಿಡಿಭಾಗ ತಯಾರಿಸುವವರಿಗೆ ಗಾಳಿ ಮತ್ತು ಶಾಖದ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಕೊಡುವುದು, ಅಂದರೆ ಸಿಎಫ್‌ಡಿ, ನಮ್ಮ ಕಸುಬು. ಅದಕ್ಕೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ ಬಳಸುತ್ತೇವೆ. ಆಗ ನಮ್ಮಲ್ಲಿದ್ದದ್ದು 16 ಕೋರ್‌ಗಳ ರೈಜನ್ 9 7950ಎಕ್ಸ್ ಇದ್ದ ಒಂದೇ ಯಂತ್ರ. ಸುಮಾರು ಮೂರು ಕೋಟಿ ಕೋಶಗಳ (ಲೆಕ್ಕಕ್ಕಾಗಿ ಜಾಗವನ್ನು ಹಂಚಿದ ಸಣ್ಣ ತುಣುಕುಗಳ) ಒಂದು ಲೆಕ್ಕಕ್ಕೆ ಅದು 14 ಗಂಟೆ ತೆಗೆದುಕೊಳ್ಳುತ್ತಿತ್ತು. ಸಂಜೆ ಹಚ್ಚಿಟ್ಟು ಹೋದರೆ ಬೆಳಿಗ್ಗೆ ಫಲಿತಾಂಶ ಸಿಗುವಂತಾಗಬೇಕು, ಹಗಲಲ್ಲಿ ಇನ್ನೊಂದು ಲೆಕ್ಕ ಮುಗಿಯಬೇಕು ಎಂಬುದೇ ಹೊಸ ಯಂತ್ರದಿಂದ ನಮಗಿದ್ದ ನಿರೀಕ್ಷೆ.

ಅಂಗಡಿಯವರು ನಮ್ಮ ಮುಂದಿಟ್ಟದ್ದು 2023ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದಿದ್ದ ಎಎಂಡಿ ಥ್ರೆಡ್‌ರಿಪ್ಪರ್ 7000 ಸರಣಿಯ ಮೂರು ಪ್ರೊಸೆಸರ್‌ಗಳನ್ನು: 24 ಕೋರ್‌ಗಳ 7960ಎಕ್ಸ್, 32 ಕೋರ್‌ಗಳ 7970ಎಕ್ಸ್, 64 ಕೋರ್‌ಗಳ 7980ಎಕ್ಸ್. ಕಂಪನಿ ಘೋಷಿಸಿದ್ದ ಬೆಲೆ ಕ್ರಮವಾಗಿ 1,499, 2,499 ಮತ್ತು 4,999 ಡಾಲರ್. ಜೊತೆಗೆ ಸಿನಿಬೆಂಚ್ ಅಂಕಗಳ ಒಂದು ಪಟ್ಟಿಯಿತ್ತು. ಅದರಲ್ಲಿ 64 ಕೋರ್‌ಗಳ ಗೆರೆ ಉಳಿದೆರಡನ್ನೂ ಬಹಳ ಹಿಂದೆ ಹಾಕಿ ನಿಂತಿತ್ತು. ಇಂಟೆಲ್‌ನ ಝಿಯಾನ್ ಡಬ್ಲ್ಯೂ9-3495ಎಕ್ಸ್ ಕೂಡ ಪಟ್ಟಿಯ ಕೆಳಗಡೆ ಇತ್ತು. ಕೋರ್ 56 ಮಾತ್ರ, ಅಂಕವೂ ಕಡಿಮೆ ಎಂದು ಅದರ ವಿವರವನ್ನೇ ನಾನು ಓದಲಿಲ್ಲ. ಸಿನಿಬೆಂಚ್ ಅಳೆಯುವುದು ಚಿತ್ರ ರೆಂಡರ್ ಮಾಡುವ ವೇಗವನ್ನು, ನಮ್ಮ ಕೆಲಸವನ್ನಲ್ಲ ಎಂಬ ಯೋಚನೆ ಆ ಹೊತ್ತಿನಲ್ಲಿ ಬರಲಿಲ್ಲ. ಮೆಮೊರಿಯ ವಿಷಯ ಬಂದಾಗ ಅಂಗಡಿಯವರು, 64 ಜಿಬಿಯ ಎರಡು ಸ್ಟಿಕ್ ಹಾಕುತ್ತೇವೆ, ಎರಡು ಸ್ಲಾಟ್ ಖಾಲಿ ಇರಲಿ, ಮುಂದೆ ಬೇಕಾದಾಗ ಹೆಚ್ಚಿಸಿಕೊಳ್ಳಬಹುದು ಎಂದರು. ಹಣ ಉಳಿಸುವ ಒಳ್ಳೆಯ ಸಲಹೆಯಂತೆಯೇ ಅದು ಕೇಳಿಸಿತು. ಎಲ್ಲ ಸೇರಿ ಎಂಟು ಲಕ್ಷ ರೂಪಾಯಿ ದಾಟಿತು. ಅರ್ಧದಷ್ಟು ಬ್ಯಾಂಕ್ ಸಾಲ.

ಅದೇ ಮೂರು ಕೋಟಿ ಕೋಶಗಳ ಲೆಕ್ಕವನ್ನು ಹೊಸ ಯಂತ್ರದ ಮೇಲೆ ಹಚ್ಚಿದಾಗ ಅದು ಮುಗಿಯಲು 12 ಗಂಟೆಗಳಿಗೂ ಹೆಚ್ಚು ಹಿಡಿಯಿತು. ನಾಲ್ಕು ಪಟ್ಟು ಕೋರ್‌ಗಳಿಂದ ಉಳಿದದ್ದು ಎರಡು ಗಂಟೆಗೂ ಕಡಿಮೆ. ಪರದೆಯ ಮೇಲೆ ನೋಡಿದರೆ 64 ಕೋರ್‌ಗಳೂ ಶೇಕಡ 100ರಷ್ಟು ದುಡಿಯುತ್ತಿರುವಂತೆ ಕಾಣುತ್ತಿತ್ತು. ಆ ಅಂಕಿಯೇ ನಮ್ಮನ್ನು ದಾರಿ ತಪ್ಪಿಸಿತು: ಮೆಮೊರಿಯಿಂದ ದತ್ತಾಂಶ ಬರಲಿ ಎಂದು ಕಾಯುತ್ತಿರುವ ಕೋರನ್ನೂ ಆಪರೇಟಿಂಗ್ ಸಿಸ್ಟಮ್ ಕೆಲಸದಲ್ಲಿದೆ ಎಂದೇ ಲೆಕ್ಕ ಹಿಡಿಯುತ್ತದೆ. ಎರಡು ವಾರ ನಾವು ಸಾಫ್ಟ್‌ವೇರ್‌ನಲ್ಲಿ ದೋಷ ಹುಡುಕಿದೆವು, ಕೋಶಗಳ ಜಾಲವಾದ ಮೆಶ್ ಬದಲಿಸಿದೆವು, ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್ ಆದ ಬಯಾಸ್ ಹೊಸದು ಹಾಕಿದೆವು. ಒಬ್ಬ ಗ್ರಾಹಕರಿಗೆ ಕೊಟ್ಟ ಗಡುವು ಈ ನಡುವೆ ತಪ್ಪಿತು.

ಕೊನೆಗೆ ಚಿಂಚವಾಡದಲ್ಲಿರುವ ಧಾರವಾಡದ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ‘ಕೋರ್ ವಿಷಯ ಬಿಡ್ರಿ, ಮೊದಲು ಮೆಮೊರಿ ಸ್ಲಾಟ್ ಎಷ್ಟು ತುಂಬ್ಯಾವ ಹೇಳ್ರಿ’ ಎಂದರು. ಎರಡು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಅವರು ಆಮೇಲೆ ಮಾಡಿ ತೋರಿಸಿದ ಲೆಕ್ಕ ತೀರ ಸರಳವಾದದ್ದು, ಅಂಗಡಿಯಲ್ಲಿ ನಿಂತಾಗಲೇ ನಾನು ಮಾಡಬಹುದಾಗಿದ್ದದ್ದು. ಡಿಡಿಆರ್5-5200 ಮೆಮೊರಿಯ ಒಂದು ಚಾನೆಲ್, ಅಂದರೆ ಮೆಮೊರಿಯಿಂದ ಪ್ರೊಸೆಸರ್‌ಗೆ ದತ್ತಾಂಶ ಸಾಗುವ ಒಂದು ದಾರಿ, ಸೆಕೆಂಡಿಗೆ ಹೆಚ್ಚೆಂದರೆ 41.6 ಜಿಬಿ ಸಾಗಿಸುತ್ತದೆ. ಈ ಥ್ರೆಡ್‌ರಿಪ್ಪರ್‌ಗೆ ಇರುವುದು ನಾಲ್ಕು ಚಾನೆಲ್. ನಾಲ್ಕೂ ತುಂಬಿದರೆ 166.4 ಜಿಬಿ. ಎರಡೇ ಸ್ಟಿಕ್‌ನಿಂದ ನಾವು ತುಂಬಿಸಿದ್ದು ಎರಡು ಚಾನೆಲ್ ಮಾತ್ರ, ಅಂದರೆ 83.2 ಜಿಬಿ. ನಮ್ಮ ಹಳೆಯ ರೈಜನ್‌ಗೂ ಅದೇ ವೇಗದ ಎರಡು ಚಾನೆಲ್, ಅದೇ 83.2 ಜಿಬಿ. ಮೆಮೊರಿಯ ದಾರಿಯ ಅಗಲ ಎಳ್ಳಷ್ಟೂ ಹೆಚ್ಚಿರಲಿಲ್ಲ. ಹಳೆಯದರಲ್ಲಿ ಒಂದು ಕೋರಿಗೆ 5.2 ಜಿಬಿ ದಕ್ಕುತ್ತಿದ್ದರೆ ಹೊಸದರಲ್ಲಿ ದಕ್ಕುತ್ತಿದ್ದದ್ದು 1.3 ಜಿಬಿ. ಮೆಮೊರಿಯ ವೇಗ ಅಳೆಯಲು ದಶಕಗಳಿಂದ ಬಳಕೆಯಲ್ಲಿರುವ ಸ್ಟ್ರೀಮ್ ಎಂಬ ಪುಟ್ಟ ಪ್ರೋಗ್ರಾಮನ್ನು ಎರಡೂ ಯಂತ್ರಗಳ ಮೇಲೆ ಓಡಿಸಿದೆವು. ಎರಡೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿಸಿದವು.

ಸಿಎಫ್‌ಡಿಯಲ್ಲಿ ಇದು ಇಷ್ಟು ಕಾಡುವುದಕ್ಕೆ ಕಾರಣವಿದೆ. ಪ್ರತಿ ಸುತ್ತಿನಲ್ಲೂ ಲೆಕ್ಕಾಚಾರವು ಕೋಟಿಗಟ್ಟಲೆ ಕೋಶಗಳನ್ನು ಒಂದೊಂದಾಗಿ ಹಾಯ್ದು, ಒತ್ತಡ ಮತ್ತು ವೇಗಗಳ ಮೌಲ್ಯಗಳನ್ನು ಮೆಮೊರಿಯಿಂದ ತಂದು, ಅವುಗಳ ಮೇಲೆ ಕೆಲವೇ ಕೂಡುವ ಗುಣಿಸುವ ಕ್ರಿಯೆ ನಡೆಸಿ, ಮತ್ತೆ ಮೆಮೊರಿಗೆ ಬರೆಯುತ್ತದೆ. ತರುವ ಹೊರೆ ದೊಡ್ಡದು, ಮಾಡುವ ಲೆಕ್ಕ ಚಿಕ್ಕದು. ದತ್ತಾಂಶ ಹತ್ತಾರು ಜಿಬಿ ಇರುವಾಗ 7980ಎಕ್ಸ್‌ನ ಒಳಗಿರುವ 256 ಎಂಬಿಯ ಎಲ್3 ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿ ಅದನ್ನು ಹಿಡಿದಿಟ್ಟುಕೊಳ್ಳಲಾರದು. ಪಂಕ್ತಿಯಲ್ಲಿ 64 ಜನ ಕುಳಿತು ಬಡಿಸುವವರು ಇಬ್ಬರೇ ಇದ್ದರೆ ಆಗುವುದೇ ಇಲ್ಲಿಯೂ ಆಗುತ್ತದೆ. ಉಣ್ಣುವವರು ಎಷ್ಟು ಚುರುಕಾಗಿದ್ದರೂ ಎಲೆ ಖಾಲಿ. ರೆಂಡರಿಂಗ್‌ನಲ್ಲಿ ಪ್ರತಿಯೊಂದು ಕೋರೂ ಚಿತ್ರದ ಒಂದು ಸಣ್ಣ ಚೌಕವನ್ನು ಹಿಡಿದು, ಬಹುಪಾಲು ಕ್ಯಾಶ್‌ನೊಳಗೇ ಕೆಲಸ ಮುಗಿಸುತ್ತದೆ, ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದ ಹಾಗೆ. ಆದ್ದರಿಂದ ಸಿನಿಬೆಂಚ್ ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದು ಬೇರೆಯವರ ಕೆಲಸದ ಪಟ್ಟಿಯಾಗಿತ್ತು.

ಇನ್ನೆರಡು ಸ್ಟಿಕ್ ತರಿಸಲು ಮೂರು ವಾರ ಬೇಕಾಯಿತು. ಈ ಯಂತ್ರಕ್ಕೆ ಆರ್‌ಡಿಮ್ ಎಂಬ ಬಗೆಯ ಮೆಮೊರಿಯೇ ಬೇಕು; ಸಾಮಾನ್ಯ ಡೆಸ್ಕ್‌ಟಾಪ್‌ನ ಡಿಡಿಆರ್5 ಸ್ಟಿಕ್ಕಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಈ ಸ್ಲಾಟಿನೊಳಗೆ ಕೂರುವುದೇ ಇಲ್ಲ. ಹಾಗಾಗಿ ಹಳೆಯ ಯಂತ್ರದ್ದನ್ನು ತೆಗೆದು ಹಾಕುವಂತೆಯೂ ಇರಲಿಲ್ಲ. ನಾಲ್ಕೂ ತುಂಬಿದ ರಾತ್ರಿ ಅದೇ ಲೆಕ್ಕ ಏಳು ಗಂಟೆಯೊಳಗೆ ಮುಗಿಯಿತು. ಸಂತೋಷವಾಯಿತು, ಆದರೆ ಮರುದಿನ ಮಾಡಿದ ಇನ್ನೊಂದು ಪರೀಕ್ಷೆ ಆ ಸಂತೋಷವನ್ನು ಉಳಿಸಲಿಲ್ಲ: ಲೆಕ್ಕವನ್ನು 64ರ ಬದಲು 32 ಭಾಗಗಳಾಗಿ ಹಂಚಿ ಓಡಿಸಿದರೂ ಸಮಯ ಬಹುತೇಕ ಅಷ್ಟೇ. ದಾರಿ 32 ಕೋರ್‌ಗಳಿಗೇ ತುಂಬಿಹೋಗಿತ್ತು. ಅರ್ಧ ಬೆಲೆಯ 7970ಎಕ್ಸ್ ನಮ್ಮ ಕೆಲಸಕ್ಕೆ ಸಾಕಾಗುತ್ತಿತ್ತು. ನಾನು ಓದದೆ ಬಿಟ್ಟ ಆ ಝಿಯಾನ್‌ಗೆ ಡಿಡಿಆರ್5-4800ರ ಎಂಟು ಚಾನೆಲ್‌ಗಳಿವೆ, ಒಟ್ಟು 307.2 ಜಿಬಿ, ಕೋರಿಗೆ ಸುಮಾರು 5.5. ಥ್ರೆಡ್‌ರಿಪ್ಪರ್‌ನಲ್ಲೇ ಪ್ರೊ ಎಂಬ ಹೆಸರಿನ ಸಾಲಿಗೂ ಎಂಟು ಚಾನೆಲ್ ಇದೆ. (ಅಲ್ಲೂ ಎಚ್ಚರ ಬೇಕು: 12 ಮತ್ತು 16 ಕೋರ್‌ಗಳ 7945ಡಬ್ಲ್ಯೂಎಕ್ಸ್, 7955ಡಬ್ಲ್ಯೂಎಕ್ಸ್‌ಗಳ ಒಳಗೆ ಕೋರ್ ಇರುವ ಚಿಪ್‌ಗಳು ಎರಡೇ ಆದ್ದರಿಂದ ಎಂಟು ಚಾನೆಲ್‌ಗಳ ಪೂರ್ತಿ ಪ್ರಯೋಜನ ಅವುಗಳಿಗೆ ದಕ್ಕದು.) 2025ರ ಜುಲೈನಲ್ಲಿ ಬಂದ 9980ಎಕ್ಸ್‌ನಲ್ಲಿ ಮೆಮೊರಿಯ ವೇಗ 6400ಕ್ಕೆ ಏರಿದೆ, ಒಟ್ಟು 204.8 ಜಿಬಿ, ಆದರೆ ಚಾನೆಲ್ ನಾಲ್ಕೇ, ಕೋರ್ 64. ಬೆಳಗಾವಿಯ ತರುಣರ ಕೊಟೇಶನ್‌ನಲ್ಲಿದ್ದದ್ದು ಇದೇ.

ಕೂಲರ್‌ನ ವಿಷಯವನ್ನೂ ಹೇಳಿಬಿಡುತ್ತೇನೆ. ಈ ಪ್ರೊಸೆಸರ್‌ಗಳ ಶಾಖದ ಮಿತಿ 350 ವ್ಯಾಟ್, ಮೇಲ್ಮೈ ಸಾಮಾನ್ಯ ಪ್ರೊಸೆಸರ್‌ಗಿಂತ ಬಹಳ ದೊಡ್ಡದು. ನಮಗೆ ಹಾಕಿಕೊಟ್ಟ ಕೂಲರ್‌ನ ತಟ್ಟೆ ಆ ಮೇಲ್ಮೈಯನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿ ತೋರಿಸಿದಾಗ ಏನೂ ಗೊತ್ತಾಗಲಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನ, ಲೆಕ್ಕ ಹಚ್ಚಿದ ಮೂರನೆಯ ಗಂಟೆಗೆ ವೇಗ ಇಳಿಯತೊಡಗಿತು. ಅದನ್ನೂ ಬದಲಿಸಬೇಕಾಯಿತು.

ಇಷ್ಟಾದ ಮೇಲೆ ಮಾಡಿದ ಎರಡನೆಯ ತಪ್ಪು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿದೆ, ಏಕೆಂದರೆ ಅಷ್ಟರಲ್ಲಿ ನನಗೆ ವಿಷಯ ಗೊತ್ತು ಎಂಬ ಭರವಸೆ ಬಂದಿತ್ತು. ಎರಡನೆಯ ಯಂತ್ರವನ್ನು ಕಡಿಮೆ ಖರ್ಚಿನಲ್ಲಿ ಕಟ್ಟಲು ಹೊರಟು, 2022ರಲ್ಲಿ ಬಂದ ಥ್ರೆಡ್‌ರಿಪ್ಪರ್ ಪ್ರೊ 5975ಡಬ್ಲ್ಯೂಎಕ್ಸ್ ಹುಡುಕಿದೆ. ಹಳೆಯ ಡಿಡಿಆರ್4-3200 ಆದರೂ ಎಂಟು ಚಾನೆಲ್ ಇರುವುದರಿಂದ ಅದರ ಮೊತ್ತ 204.8 ಜಿಬಿ, ನಮ್ಮ ಹೊಚ್ಚ ಹೊಸ ಯಂತ್ರಕ್ಕಿಂತ ಹೆಚ್ಚು; ಕೋರ್ 32. ಲೆಕ್ಕ ಸರಿಯಾಗಿಯೇ ಇತ್ತು. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಬಳಿ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯೊಬ್ಬರಲ್ಲಿ ಅದು ತೊಂಬತ್ತು ಸಾವಿರಕ್ಕೆ ಸಿಕ್ಕಿತು. ದೊಡ್ಡ ಕಂಪನಿಯೊಂದರ ಸಿದ್ಧ ವರ್ಕ್‌ಸ್ಟೇಷನ್‌ನಿಂದ ಬಿಚ್ಚಿದ್ದು ಎಂದು ಅವರೇ ಹೇಳಿದರು; ಅದನ್ನು ಒಳ್ಳೆಯ ಮೂಲ ಎಂದುಕೊಂಡು, ಪಕ್ಕಾ ಬಿಲ್ ಕೂಡ ಕೇಳದೆ ಹಣ ಕೊಟ್ಟೆ. ಠಾಣೆ ನಗರದ ಗೆಳೆಯರ ಬಳಿ ಅದಕ್ಕೆ ಹೊಂದುವ ಮದರ್‌ಬೋರ್ಡ್ ಇತ್ತು. ಕೂರಿಸಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಅವರ ಸ್ವಂತ ಪ್ರೊಸೆಸರ್ ಮರಳಿ ಹಾಕಿದರೆ ಎಲ್ಲವೂ ಸರಿಯಾಗಿತ್ತು.

ಎಎಂಡಿಯ ಪ್ರೊ ಮತ್ತು ಸರ್ವರ್ ಪ್ರೊಸೆಸರ್‌ಗಳಲ್ಲಿ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಯಿದೆ. ಯಂತ್ರ ತಯಾರಿಸುವ ಕಂಪನಿ ಅದನ್ನು ಜಾರಿಗೊಳಿಸಿದರೆ, ಆ ಕಂಪನಿಯ ಗುರುತು ಪ್ರೊಸೆಸರ್‌ನ ಒಳಗಿನ ಫ್ಯೂಸ್‌ಗಳಲ್ಲಿ ಒಮ್ಮೆಗೇ ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ಅದು ಆ ಕಂಪನಿ ಸಹಿ ಮಾಡಿದ ಬಯಾಸ್ ಇರುವ ಬೋರ್ಡ್‌ನಲ್ಲಿ ಮಾತ್ರ ಏಳುತ್ತದೆ, ಬೇರೆಲ್ಲೂ ಅಲ್ಲ, ಅದನ್ನು ಅಳಿಸುವ ದಾರಿಯೂ ಇಲ್ಲ. ಕಳ್ಳರು ಬಯಾಸ್ ತಿದ್ದದಂತೆ ಕಾಯುವುದಕ್ಕೆ ಮಾಡಿದ ಏರ್ಪಾಡು ಇದು, ತನ್ನ ಜಾಗದಲ್ಲಿ ಸರಿಯಾದದ್ದೇ. ಆದರೆ ಹಾಗೆ ಬಿಗಿದ ಪ್ರೊಸೆಸರ್‌ನ ಮೇಲೆ ಬರಿಗಣ್ಣಿಗೆ ಕಾಣುವ ಯಾವ ಗುರುತೂ ಇರುವುದಿಲ್ಲ. ವ್ಯಾಪಾರಿ ವಾಪಸ್ ಪಡೆಯಲು ಒಪ್ಪಲಿಲ್ಲ. ಪ್ರೊಸೆಸರ್ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಸೆಕೆಂಡ್ ಹ್ಯಾಂಡ್ ಪ್ರೊ ಅಥವಾ ಸರ್ವರ್ ಪ್ರೊಸೆಸರ್ ಕೊಳ್ಳುವವರು ದಯವಿಟ್ಟು ಮೊದಲು ನಿಮ್ಮ ಬೋರ್ಡ್‌ನಲ್ಲೇ ಅದು ಎದ್ದು ನಿಲ್ಲುವುದನ್ನು ನೋಡಿ, ಆಮೇಲೆ ಹಣ ಕೊಡಿ. ಹೊಸದು ಕೊಳ್ಳುವವರು ತಮ್ಮ ಕೆಲಸವನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದು ಓಡಿಸಿ ನೋಡಿ, ಹತ್ತು ನಿಮಿಷವಲ್ಲ, ಎರಡು ಮೂರು ಗಂಟೆ. ರೆಂಡರಿಂಗ್ ಮಾಡುವವರಿಗೆ 64 ಕೋರ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ನಕ್ಷೆ ಮತ್ತು ಮಾಡೆಲ್ ಬಿಡಿಸುವ ಕ್ಯಾಡ್ ಕೆಲಸ ಬಹುಪಾಲು ಒಂದೇ ಕೋರ್‌ನ ವೇಗವನ್ನು ಅವಲಂಬಿಸುವುದರಿಂದ ಅವರಿಗೆ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದಕ್ಕಿಂತ ಮೇಲು. ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಶುಲ್ಕ ಪಡೆಯುವ ಸಾಫ್ಟ್‌ವೇರ್ ಬಳಸುವವರು ಸುಮ್ಮನೆ ಕಾಯುವ ಕೋರ್‌ಗಳಿಗೂ ಪ್ರತಿ ವರ್ಷ ಹಣ ತೆರುತ್ತಾರೆ. ಸಿಎಫ್‌ಡಿಯವರಲ್ಲಿ ಗ್ರಾಹಕರ ಗುಟ್ಟಿನ ಮಾಡೆಲ್ ಹೊರಗೆ ಒಯ್ಯಲು ಅಂಜುವವರಿಗೆ ಓಪನ್‌ಫೋಮ್ ಜೊತೆಗೇ ಬರುವ ಮೋಟಾರ್‌ಬೈಕ್ ಉದಾಹರಣೆ ಇದೆ. ಅದರ ಮೆಶ್ ದೊಡ್ಡದು ಮಾಡಿಕೊಂಡು 16, 32, 64 ಭಾಗಗಳಲ್ಲಿ ಓಡಿಸಿದರೆ ಸಮಯ ಎಲ್ಲಿ ಇಳಿಯುವುದನ್ನು ನಿಲ್ಲಿಸುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬೆಳಗಾವಿಯ ತರುಣರ ಕೊಟೇಶನ್‌ಗೆ ಆ ಸಂಜೆ ನಾವಿಬ್ಬರೂ ಕುಳಿತು ಉತ್ತರ ಬರೆದೆವು. ಪ್ರೊಸೆಸರ್ 32 ಕೋರ್‌ನದಾಗಲಿ, ‘128 ಜಿಬಿ’ ಎಂಬಲ್ಲಿ ‘32 ಜಿಬಿಯ 4 ಆರ್‌ಡಿಮ್, ನಾಲ್ಕೂ ಚಾನೆಲ್ ತುಂಬಿ’ ಎಂದು ಬರೆಯಲಿ, ಕೂಲರ್‌ನ ಹೆಸರು ಮತ್ತು ಮಾಡೆಲ್ ಸಂಖ್ಯೆ ಬೇರೆ ಸಾಲಿನಲ್ಲಿರಲಿ ಎಂದು ಕೇಳಿದ್ದೇವೆ. ಅಂಗಡಿಯವರು ಹೊಸ ಕೊಟೇಶನ್ ಕಳಿಸಿದ್ದಾರೆ. ಮುಂದಿನ ಶನಿವಾರ ಮೋಟಾರ್‌ಬೈಕ್ ಇರುವ ಪೆನ್‌ಡ್ರೈವ್ ಹಿಡಿದು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ.