ಟಚ್‌ಓಎಸ್‌ಸಿ ಮತ್ತು ರೀಪರ್: ಬೆಟಗೇರಿಯ ರೆಕಾರ್ಡಿಂಗ್ ಕೋಣೆಯಲ್ಲಿ ಮೂರು ವರ್ಷ

ಗದುಗಿಗೆ ಹೊಂದಿಕೊಂಡ ಬೆಟಗೇರಿಯ ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು ಇರುವುದರಿಂದ ನಾನು ವಚನ, ತತ್ವಪದಗಳನ್ನು ರೆಕಾರ್ಡ್ ಮಾಡುವುದು ಹೆಚ್ಚಾಗಿ ರಾತ್ರಿ ಹತ್ತರ ನಂತರ. ಆ ಹೊತ್ತಿನಲ್ಲಿ ಕೋಣೆ ಎಷ್ಟು ನಿಶ್ಶಬ್ದವಾಗಿರುತ್ತದೆಯೆಂದರೆ, ತಂಬೂರಿಯ ಖರ್ಜದ (ಮಂದ್ರ ಷಡ್ಜದ) ಹಿಂದೆ ಕಂಪ್ಯೂಟರಿನ ಫ್ಯಾನಿನ ಗುಂಯ್‌ಗುಡುವಿಕೆಯೂ ಮೈಕಿಗೆ ಸಿಗುತ್ತದೆ. ಅದಕ್ಕಾಗಿ ಕಂಪ್ಯೂಟರನ್ನು ಪಡಸಾಲೆಗೆ ಸಾಗಿಸಿದೆ. ಆದರೆ ಹಾರ್ಮೋನಿಯಂ ಸಾಥಿಯೂ ನಾನೇ, ರೆಕಾರ್ಡ್ ಒತ್ತುವವನೂ ನಾನೇ. ಎದ್ದು ಹೋಗಿ, ಗುಂಡಿ ಒತ್ತಿ, ಬಾಗಿಲು ಮುಚ್ಚಿಕೊಂಡು ಬಂದು ಕೂರುವಷ್ಟರಲ್ಲಿ ಹಾಡುವವರು ಹಿಡಿದಿದ್ದ ಲಯ ಕೈಬಿಟ್ಟಿರುತ್ತಿತ್ತು. ಮೂರು ವರ್ಷಗಳ ಹಿಂದೆ ಮನೆಯಲ್ಲಿದ್ದ ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ, ಕಂಪ್ಯೂಟರಿನ ರೆಕಾರ್ಡಿಂಗ್ ತಂತ್ರಾಂಶವನ್ನು ದೂರದಿಂದಲೇ ನಡೆಸುವ ಟಚ್‌ಓಎಸ್‌ಸಿ ಆ್ಯಪನ್ನು ಕೊಂಡು ಹಾಕಿದ್ದು ಈ ತೊಂದರೆಯೊಂದಕ್ಕಾಗಿಯೇ.

ಈ ಆ್ಯಪ್ ಕಂಪ್ಯೂಟರಿನ ಪರದೆಯನ್ನು ಟ್ಯಾಬ್ಲೆಟ್ಟಿನಲ್ಲಿ ತೋರಿಸುವುದಿಲ್ಲ. ನಮಗೆ ಬೇಕಾದ ಗುಂಡಿ, ಫೇಡರುಗಳನ್ನು (ದನಿ ಏರಿಸಿ ಇಳಿಸುವ ಜಾರುಪಟ್ಟಿಗಳನ್ನು) ನಾವೇ ಜೋಡಿಸಿಕೊಳ್ಳುತ್ತೇವೆ. ಬೆರಳು ತಾಗಿದಾಗ ಒಂದು ಸಣ್ಣ ಸಂದೇಶ ವೈಫೈ ಮೂಲಕ ಕಂಪ್ಯೂಟರಿಗೆ ಹೋಗುತ್ತದೆ. ಆ ಸಂದೇಶದ ಭಾಷೆಯಾದ ಓಪನ್ ಸೌಂಡ್ ಕಂಟ್ರೋಲ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ 1997ರ ಸುಮಾರಿಗೆ ರೂಪುಗೊಂಡದ್ದು. ಎಲೆಕ್ಟ್ರಾನಿಕ್ ವಾದ್ಯಗಳು ಸಂದೇಶ ಕಳಿಸುವ ಹಳೆಯ ಮಿಡಿ ಪದ್ಧತಿಯಲ್ಲಿ ಸಾಮಾನ್ಯ ಫೇಡರಿಗೆ 0ಯಿಂದ 127ರವರೆಗೆ ಮೆಟ್ಟಿಲುಗಳಿದ್ದರೆ, ಇಲ್ಲಿ ದಶಮಾಂಶ ಸಂಖ್ಯೆಗಳೇ ಹೋಗುವುದರಿಂದ ಪದದ ಕೊನೆಯಲ್ಲಿ ತಂಬೂರಿಯನ್ನು ಮೆಲ್ಲಗೆ ಇಳಿಸುವಾಗ ದನಿ ಎಲ್ಲಿಯೂ ಕುಪ್ಪಳಿಸುವುದಿಲ್ಲ. ನಾನು ರೆಕಾರ್ಡಿಂಗಿಗೆ ಬಳಸುವ ರೀಪರ್ ತಂತ್ರಾಂಶ ಈ ಭಾಷೆಯನ್ನು ತಾನಾಗಿಯೇ ಬಲ್ಲದು, ಉತ್ತರವನ್ನೂ ಕೊಡುತ್ತದೆ: ಕಂಪ್ಯೂಟರಿನಲ್ಲಿ ಫೇಡರ್ ಸರಿಸಿದರೆ ಟ್ಯಾಬ್ಲೆಟ್ಟಿನದೂ ಸರಿಯುತ್ತದೆ. ಮೂಲ ಹೊಂದಾಣಿಕೆಯಲ್ಲಿ ಒಮ್ಮೆಗೆ ಎಂಟು ಟ್ರ್ಯಾಕುಗಳು (ಒಂದೊಂದು ದನಿಗೆ ಒಂದೊಂದು ಸಾಲು) ಕೈಗೆ ಬರುತ್ತವೆ. ಹಾಡು, ತಬಲಾ, ಹಾರ್ಮೋನಿಯಂ, ತಂಬೂರಿ ಇಷ್ಟೇ ಇರುವ ನನಗೆ ಅದು ಧಾರಾಳ.

ತೊಂದರೆಗಳೂ ಇವೆ, ಮೊದಲ ತಿಂಗಳು ಅವೇ ಹೆಚ್ಚು. ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಕಂಪ್ಯೂಟರಿಗೆ ಹೊಸ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡುತ್ತಿತ್ತು. ಟ್ಯಾಬ್ಲೆಟ್ ಮಾತ್ರ ಹಳೆಯ ವಿಳಾಸಕ್ಕೇ ಸಂದೇಶ ಕಳಿಸುತ್ತ ಕೂತಿರುತ್ತಿತ್ತು. ರೂಟರಿನ ಸೆಟ್ಟಿಂಗಿನಲ್ಲಿ ಆ ವಿಳಾಸವನ್ನು ಕಂಪ್ಯೂಟರಿಗೇ ಕಾಯಂ ಮಾಡಿದ ಮೇಲೆ ಆ ಕಾಟ ನಿಂತಿತು. ಇನ್ನೊಂದು ಸಂಗತಿ ಮೂಲದಲ್ಲೇ ಇರುವಂಥದ್ದು: ಈ ಸಂದೇಶಗಳು ಸಾಮಾನ್ಯವಾಗಿ ಯುಡಿಪಿ ಎಂಬ ರವಾನೆ ವಿಧಾನದ ಮೂಲಕ ಹೋಗುತ್ತವೆ, ತಲುಪಿತೇ ಎಂದು ಯಾರೂ ಕೇಳುವುದಿಲ್ಲ, ದಾರಿಯಲ್ಲಿ ಕಳೆದರೆ ಕಳೆಯಿತು. ಒಂದು ರಾತ್ರಿ ಒಳ್ಳೆಯದೊಂದು ಟೇಕ್ (ಒಂದು ಸಲದ ಹಾಡಿಕೆ) ಹೀಗೆಯೇ ಮುದ್ರಣವಾಗದೆ ಹೋಯಿತು, ಅದು ಇಂದಿಗೂ ನನ್ನನ್ನು ಕಾಡುತ್ತದೆ. ಆ ನಂತರ ರೂಟರನ್ನು ರೆಕಾರ್ಡಿಂಗ್ ಕೋಣೆಗೇ ತಂದೆ, ಪರದೆಯ ಮೇಲ್ಭಾಗದಲ್ಲಿ ರೀಪರಿನ ಸಮಯವನ್ನು ದೊಡ್ಡ ಅಂಕಿಗಳಲ್ಲಿ ಇಟ್ಟುಕೊಂಡೆ. ಆ ಅಂಕಿಗಳು ಓಡುವುದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಹಾರ್ಮೋನಿಯಂ ತಿದಿಗೆ ಕೈ ಹಚ್ಚುವುದು.

ಎಡಿಟಿಂಗಿಗೆ ಇದನ್ನು ನಂಬಬೇಡಿ. ಎರಡು ಉಸಿರುಗಳ ನಡುವೆ ಕತ್ತರಿಸುವ ಕೆಲಸ ಮೌಸಿನದೇ. ಬರೀ ರೆಕಾರ್ಡ್ ಮಾಡುವುದು, ನಿಲ್ಲಿಸುವುದು ಇಷ್ಟೇ ಬೇಕೆನ್ನುವವರು ಆ್ಯಪ್ ಕೊಳ್ಳುವ ಅಗತ್ಯವೂ ಇಲ್ಲ. ರೀಪರಿನಲ್ಲೇ ಇರುವ ವೆಬ್ ರಿಮೋಟನ್ನು ಮೊಬೈಲಿನ ಬ್ರೌಸರಿನಲ್ಲಿ ತೆರೆದರೆ ಸಾಕು.

ಆ್ಯಪಿಗೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಕಳೆದ ವರ್ಷ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಿಂದಾಗಿ ನಮ್ಮ ಗದುಗಿನಲ್ಲಿ ಕಣ್ಣಿಲ್ಲದ ಗಾಯಕರು ಹೊಸಬರಲ್ಲ. ಅಂಥ ಒಬ್ಬ ತರುಣ ಗಾಯಕ ಹಾಡಲು ಬಂದಾಗ, ತನ್ನ ಟೇಕನ್ನು ತಾನೇ ಶುರು ಮಾಡಬೇಕೆಂದು ಟ್ಯಾಬ್ಲೆಟ್ ಕೇಳಿ ಪಡೆದ. ಗಾಜಿನ ಮೇಲೆ ಎರಡು ಸಲ ಬೆರಳಾಡಿಸಿ, "ಅಣ್ಣಾರ, ಇದರ ಮ್ಯಾಲ ಕೈಗೆ ಏನೂ ಹತ್ತಂಗಿಲ್ರಿ" ಎಂದ. ಟಚ್ ಪರದೆಯ ನಿಜವಾದ ಕೊರತೆಯನ್ನು ಅಷ್ಟು ಸರಿಯಾಗಿ ನನಗೆ ಯಾರೂ ಹೇಳಿರಲಿಲ್ಲ.

ಆ ರಾತ್ರಿಯೇ ಬೇರೆ ಲೇಔಟ್ ಮಾಡಿದೆ. ಪರದೆಯ ಮೇಲಿನ ಅರ್ಧವೆಲ್ಲ ರೆಕಾರ್ಡ್, ಕೆಳಗಿನ ಅರ್ಧವೆಲ್ಲ ಸ್ಟಾಪ್. ನಡುವೆ ನೆರೆಮನೆಯ ಮಗ್ಗದಿಂದ ತಂದ ದಪ್ಪ ನೂಲಿನ ಎಳೆಯೊಂದನ್ನು ಅಡ್ಡಲಾಗಿ ಅಂಟಿಸಿದೆ. ರೆಕಾರ್ಡಿಗೆ ಮುಂಚಿನ ಎಣಿಕೆಯ ಟಿಕ್ ಸದ್ದನ್ನು ರೀಪರಿನಲ್ಲಿ ಚಾಲೂ ಮಾಡಿ ಅವನ ಹೆಡ್‌ಫೋನಿಗೆ ಕೊಟ್ಟೆ, ಸಂದೇಶ ತಲುಪಿತೆಂಬುದು ಅವನಿಗೆ ಕಿವಿಯಿಂದಲೇ ತಿಳಿಯಲೆಂದು. ಅವನು ಹೆಬ್ಬೆರಳಿನಿಂದ ನೂಲನ್ನು ಹುಡುಕಿ, ಅದರ ಮೇಲ್ಗಡೆ ಒಮ್ಮೆ ತಟ್ಟಿ, ಎಣಿಕೆ ಮುಗಿಯುತ್ತಲೇ ಪದ ಎತ್ತಿಕೊಂಡ. ಅಂದು ಮೂರು ಪದಗಳನ್ನು ಅವನೇ ಶುರು ಮಾಡಿ ಅವನೇ ನಿಲ್ಲಿಸಿದ. ನನ್ನ ಎರಡೂ ಕೈಗಳು ಕೊನೆಯವರೆಗೂ ಹಾರ್ಮೋನಿಯಂ ಮೇಲೆಯೇ ಇದ್ದವು. ಆ ನೂಲನ್ನು ಇನ್ನೂ ಕಿತ್ತಿಲ್ಲ.